ತಾಡಪತ್ರಿಯೊಳಗೆ ಕಂಡ ಹೆದ್ದಾರಿ

ಬಿ.ಎಡ್. ಓದಿದವರೆಲ್ಲ ಮಾಡುವ, ಆದರೆ ಹೊರಗೆ ಯಾರೂ ಹೇಳಿಕೊಳ್ಳದ ಒಂದು ಕೆಲಸವಿದೆ. ನಾಳೆ ತರಗತಿಯಲ್ಲಿ ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂಬುದನ್ನು ನಾವು ಇವತ್ತೇ ಬರೆದಿಟ್ಟುಕೊಂಡಿರುತ್ತೇವೆ. ಪಾಠಯೋಜನೆಯ ಉದ್ದ ಪುಸ್ತಕದಲ್ಲಿ ಅಳತೆಪಟ್ಟಿ ಇಟ್ಟು ಗೆರೆ ಹೊಡೆದು, ಎಡಗಡೆ ‘ಶಿಕ್ಷಕರ ಚಟುವಟಿಕೆ’, ಬಲಗಡೆ ‘ವಿದ್ಯಾರ್ಥಿಗಳ ಚಟುವಟಿಕೆ’ ಎಂದು ತಲೆಬರಹ ಕೊಡಬೇಕು. ಎಡಗಡೆ ನಾನು ‘ಬೆಳಕು ಹೇಗೆ ಚಲಿಸುತ್ತದೆ?’ ಎಂದು ಕೇಳುತ್ತೇನೆ. ಬಲಗಡೆ ‘ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ವಿದ್ಯಾರ್ಥಿಗಳು ಉತ್ತರಿಸುವರು’. ಮಕ್ಕಳು ಇನ್ನೂ ತಮ್ಮ ತಮ್ಮ ಮನೆಯಲ್ಲಿ ಆಡಿಕೊಂಡಿರುತ್ತಾರೆ, ನನ್ನ ಪುಸ್ತಕದಲ್ಲಿ ಮಾತ್ರ ಉತ್ತರ ಕೊಟ್ಟು ಮುಗಿಸಿರುತ್ತಾರೆ.

ಈ ಕೆಲಸದಲ್ಲಿ ನಾನು ಬಲು ಜಾಣೆ. ಶಿರಸಿಯ ನಮ್ಮ ಕಾಲೇಜಿನಲ್ಲಿ ನನ್ನ ಪಾಠಯೋಜನೆಯ ಪುಸ್ತಕವನ್ನು ‘ನೋಡಿ, ಹೀಗಿರಬೇಕು’ ಎಂದು ಬೇರೆಯವರಿಗೆ ತೋರಿಸುತ್ತಿದ್ದರು. ನೀಲಿ ಶಾಯಿಯಲ್ಲಿ ಪ್ರಶ್ನೆ, ಕಪ್ಪು ಶಾಯಿಯಲ್ಲಿ ಉತ್ತರ, ಒಂದು ಚಿತ್ತುಕಾಟೂ ಇಲ್ಲ. ಸಿದ್ದಾಪುರದ ಕಡೆಯ ಕೃಷಿಕರ ಮನೆಯವಳು ನಾನು. ನಮ್ಮ ಮನೆಯಲ್ಲಿ ಮೇಷ್ಟ್ರಗಿರಿಗೆ ಕಾಲಿಟ್ಟವಳು ನಾನೇ ಮೊದಲು, ಹಾಗಾಗಿ ಆ ಪುಸ್ತಕದ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಕಿರವತ್ತಿಯ ಕಡೆಯ ಹೆದ್ದಾರಿ ಬದಿಯ ಒಂದು ಪ್ರೌಢಶಾಲೆಗೆ. ಯಲ್ಲಾಪುರದಲ್ಲಿ ಒಂದು ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಂಟನೇ ತರಗತಿಯ ವಿಜ್ಞಾನ ನನ್ನ ಪಾಲಿಗೆ ಬಂತು. ಇಪ್ಪತ್ತೊಂಬತ್ತು ಮಕ್ಕಳು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಮಾತು ನಿಲ್ಲಿಸಬೇಕು, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಎತ್ತಿಕೊಳ್ಳಬೇಕು. ನನಗೆ ಮಾರ್ಗದರ್ಶನ ಮಾಡಬೇಕಾದ ವಿಜ್ಞಾನದ ಮಾಸ್ತರು ಶಿರಸಿ ಕಡೆಯವರು, ಕಡಿಮೆ ಮಾತಿನವರು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಿದ್ದರು. ಮುಗಿದ ಮೇಲೆ “ಅಡ್ಡಿಲ್ಲ” ಎನ್ನುತ್ತಿದ್ದರು. ಅದು ಹೊಗಳಿಕೆಯೋ ಸಮಾಧಾನವೋ ತಿಳಿಯುತ್ತಿರಲಿಲ್ಲ.

ಐದನೇ ಪಾಠ ಬೆಳಕಿನ ಸರಳರೇಖಾ ಚಲನೆ. ಮೂರು ರಟ್ಟಿನ ತುಂಡಿಗೆ ಒಂದೇ ಎತ್ತರದಲ್ಲಿ ತೂತು ಮಾಡಿ ಸಾಲಾಗಿ ನಿಲ್ಲಿಸಿದೆ, ಆಚೆ ತುದಿಗೆ ಮೇಣದ ಬತ್ತಿ ಹಚ್ಚಿಟ್ಟೆ. ಒಬ್ಬೊಬ್ಬರೇ ಬಂದು ಬಗ್ಗಿ ನೋಡಿದರು. ಜ್ವಾಲೆ ಕಂಡಿತು. ನಡುವಿನ ರಟ್ಟನ್ನು ತುಸು ಸರಿಸಿದೆ, ಕಾಣಲಿಲ್ಲ. ಪುಸ್ತಕದಲ್ಲಿ ಬರೆದಿದ್ದ ಉತ್ತರವನ್ನೇ ಅಕ್ಷರ ತಪ್ಪದೆ ಮಕ್ಕಳು ಒಪ್ಪಿಸಿದರು. ಇನ್ನು ಹತ್ತು ನಿಮಿಷವಿತ್ತು. ‘ನಿತ್ಯಜೀವನದ ಉದಾಹರಣೆ’ ಎಂಬ ಭಾಗ ಬಾಕಿ. ಬಲಗಡೆ ‘ಬ್ಯಾಟರಿಯ ಬೆಳಕು, ಹಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲು ಎಂದು ವಿದ್ಯಾರ್ಥಿಗಳು ಉತ್ತರಿಸುವರು’ ಎಂದು ಬರೆದುಕೊಂಡಿದ್ದೆ. ಎರಡೂ ಬಂದವು. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಲ್ಲೇ ಊರಿನ ಲಾರಿ ಚಾಲಕರೊಬ್ಬರ ಮಗಳು.

“ಅಕ್ಕೋರೇ, ನಾ ಒಂದು ನೋಡೀನ್ರಿ. ನಮ್ಮ ಅಬ್ಬಾನ ಗಾಡಿ ಒಳಗ.”

“ಏನು ನೋಡಿದೆ?”

“ಅಂಕೋಲಾದಾಗ ನಮ್ಮ ಮಾಮೂನ ಶಾದಿ ಇತ್ರಿ. ನಾವೆಲ್ಲ ಗಾಡಿ ಹಿಂದ ಕುಂತಿದ್ವಿ, ಮ್ಯಾಲೆ ತಾಡಪತ್ರಿ ಹಾಕಿದ್ರು. ಒಳಗ ಕತ್ತಲ. ತಾಡಪತ್ರಿ ಒಂದ ಕಡೆ ಹರದಿತ್ರಿ. ಅರಬೈಲ್ ಘಟ್ಟ ಇಳಿಯೂ ಮುಂದ ಎದುರಿನ ಹಲಗಿ ಮ್ಯಾಲೆ ಗಿಡ ಬಂದ್ವು. ಎಲ್ಲಾ ಉಲ್ಟಾ ರೀ. ಬೇರು ಮ್ಯಾಲೆ, ತಲಿ ಕೆಳಗ. ಉಲ್ಟಾ ಆಗೇ ಓಡಾಕ್ಹತ್ತಿದ್ವು.”

ತರಗತಿ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಒಬ್ಬ “ಲಾರಿನೂ ಉಲ್ಟಾ ಇತ್ತೇನ?” ಎಂದ. ನಾನು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಬೇಕಿತ್ತು. ನಾನೂ ನಕ್ಕೆ. ಆಮೇಲೆ ಟೀಚರ್ ದನಿಯಲ್ಲಿ ಹೇಳಿದೆ: “ಘಟ್ಟದ ತಿರುವಿನಲ್ಲಿ ತಲೆ ಸುತ್ತಿರ್ತದೆ ನಿಂಗೆ. ಬೆಳಕು ನೇರವಾಗಿ ಹೋಗ್ತದೆ ಅಂತ ಈಗಷ್ಟೇ ನೋಡಿದ್ವಲ್ಲ? ನೇರ ಹೋಗೋ ಬೆಳಕು ಮರನ ತಲೆಕೆಳಗೆ ಹೆಂಗೆ ಮಾಡ್ತದೆ? ಕೂತ್ಕೋ.”

ಅವಳು ಕೂತಳು. ನಾನು ಮನೆಗೆಲಸ ಕೊಟ್ಟು, ಗಂಟೆ ಹೊಡೆಯುವ ಒಂದು ನಿಮಿಷ ಮೊದಲೇ ಪಾಠ ಮುಗಿಸಿ, ನನ್ನ ಸಮಯಪಾಲನೆಗೆ ನಾನೇ ಬೆನ್ನು ತಟ್ಟಿಕೊಂಡೆ. ಮಾಸ್ತರು ಅವತ್ತು “ಅಡ್ಡಿಲ್ಲ” ಎನ್ನಲಿಲ್ಲ. ಹಾಜರಿ ಪುಸ್ತಕ ಎತ್ತಿಕೊಂಡು ಹೋದರು.

ಎರಡು ದಿನ ಬಿಟ್ಟು ಏಳನೇ ಪಾಠದ ತಯಾರಿಗೆ ಕೂತೆ. ಪಾಠದ ಹೆಸರು ಸೂಜಿರಂಧ್ರ ಬಿಂಬಗ್ರಾಹಿ, ಅಂದರೆ ಪಿನ್‌ಹೋಲ್ ಕ್ಯಾಮೆರಾ. ಚಪ್ಪಲಿ ಅಂಗಡಿಯಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ತಂದು, ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ಒಂದು ಬದಿಗೆ ಸೂಜಿಯಿಂದ ಚುಚ್ಚಿದೆ. ಎದುರು ಬದಿ ಕತ್ತರಿಸಿ ಅಲ್ಲಿಗೆ ಎಣ್ಣೆ ಸವರಿದ ಬಿಳಿ ಕಾಗದ ಕೂರಿಸಿದೆ. ಸಂಜೆಯ ಬಿಸಿಲು ಇನ್ನೂ ಇತ್ತು. ತಲೆಯ ಮೇಲೆ ಚಾದರ ಮುಚ್ಚಿಕೊಂಡು ಪೆಟ್ಟಿಗೆಯನ್ನು ಕಿಟಕಿಯ ಕಡೆ ಹಿಡಿದೆ. ಎಣ್ಣೆ ಕಾಗದದ ಮೇಲೆ ಎದುರುಮನೆಯ ತಂತಿಯಲ್ಲಿ ಒಣಗಲು ಹಾಕಿದ್ದ ಬಟ್ಟೆ ಕಂಡಿತು. ತಂತಿ ಕೆಳಗೆ, ಬಟ್ಟೆ ಅದರಿಂದ ಮೇಲಕ್ಕೆ ಜೋತು ಬಿದ್ದಿತ್ತು. ಗಾಳಿಗೆ ಅಲ್ಲಾಡುತ್ತಿತ್ತು ಕೂಡ.

ಈ ಚಿತ್ರವನ್ನು ನಾನು ಶಾಲೆಯಲ್ಲಿ, ಕಾಲೇಜಿನಲ್ಲಿ, ಪದವಿಯಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎಡಕ್ಕೆ ನೆಟ್ಟಗಿನ ಮೇಣದ ಬತ್ತಿ, ನಡುವೆ ತೂತು, ಬಲಕ್ಕೆ ತಲೆಕೆಳಗಾದ ಮೇಣದ ಬತ್ತಿ. ಮೇಲಿನಿಂದ ಬಂದ ಬೆಳಕು ತೂತಿನಲ್ಲಿ ನುಗ್ಗಿ ನೇರ ಕೆಳಗೆ ಹೋಗುತ್ತದೆ, ಕೆಳಗಿನದ್ದು ನೇರ ಮೇಲೆ. ಬೆಳಕು ನೇರ ಹೋಗುವುದರಿಂದಲೇ ಬಿಂಬ ತಲೆಕೆಳಗು. ಮುಂದಿನ ಪಾಠಕ್ಕಾಗಿ ಅದೇ ಚಿತ್ರವನ್ನು ಅಂದೇ ಮಧ್ಯಾಹ್ನ ಚಾರ್ಟಿನಲ್ಲಿ ಬಣ್ಣ ತುಂಬಿ ಮುಗಿಸಿದ್ದೆ. ಹುಡುಗಿ ಹೇಳಿದ್ದು ಇದನ್ನೇ! ಕತ್ತಲು ಪೆಟ್ಟಿಗೆ, ಒಂದು ಸಣ್ಣ ತೂತು, ಎದುರಿಗೆ ಹಲಗೆ. ವ್ಯತ್ಯಾಸವಿಷ್ಟೇ, ನಾನು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದಿದ್ದೆ, ಅವಳು ಪೆಟ್ಟಿಗೆಯ ಒಳಗೇ ಕೂತಿದ್ದಳು. ಅವಳ ಉತ್ತರ ಐದನೇ ಪಾಠದಲ್ಲಿ ಬಂತು, ನನ್ನ ಪುಸ್ತಕದಲ್ಲಿ ಅದು ಏಳನೇ ಪಾಠಕ್ಕಿತ್ತು. ಬಲಗಡೆಯ ಕಾಲಂನಲ್ಲಿ ಇಲ್ಲದ್ದು ಕಿವಿಗೇ ಬೀಳಲಿಲ್ಲ ನನಗೆ. ಚಾದರದ ಒಳಗೆ ಕೂತಲ್ಲೇ ನಾಚಿಕೆಯಿಂದ ಮೈ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಮಾಸ್ತರಲ್ಲಿ ಹೇಳಿಕೊಂಡೆ.

“ಗೊತ್ತಿತ್ತು ನಂಗೆ,” ಎಂದರು ಅವರು. “ಆದ್ರೆ ನೀ ಇಷ್ಟು ಬೇಗ ಬರ್ತೆ ಅಂತ ಗೊತ್ತಿರ್ಲಿಲ್ಲ. ಹೇಳ್ಬಿಡು ಅವಳಿಗೆ, ನಂದು ತಪ್ಪಾಯ್ತು ಅಂತ. ಅದ್ರಲ್ಲಿ ಎಂತ ಇದ್ದು ಮಾರಾಯ್ತಿ.”

ಊಟದ ಬಿಡುವಿನಲ್ಲಿ ಹುಡುಗಿಯನ್ನು ಕರೆದೆ. ಆಗಲೇ ಅವಳು ಎರಡನೇ ಬೆಂಚಿನಿಂದ ಕೊನೆಯ ಬೆಂಚಿಗೆ ಹೋಗಿದ್ದಳು. ಮಕ್ಕಳು ಅವಳಿಗೆ ‘ಉಲ್ಟಾ ಗಾಡಿ’ ಎಂದು ಹೆಸರಿಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು. ನೀನು ನೋಡಿದ್ದು ನಿಜ, ನಾನೇ ತಪ್ಪು ಹೇಳಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಬಿದ್ದ ಮಗುವಿಗೆ ದೊಡ್ಡವರು ‘ಏನೂ ಆಗಿಲ್ಲ’ ಎನ್ನುವಾಗ ಮಗು ನೋಡುತ್ತದಲ್ಲ, ಹಾಗೆ.

“ಇರ್ಲಿ ಬಿಡ್ರಿ ಅಕ್ಕೋರೇ. ಕನಸ ಇರಬೇಕು. ನಾ ನಿದ್ದಿಗಣ್ಣಾಗ ಇದ್ನೇನೋ.”

“ಕನಸಲ್ಲ. ನೀ ನೋಡಿದ್ದು ಖರೆ.”

“ಈಗ ನಂಗ ನೆನಪಿಲ್ರಿ,” ಎಂದು ತಟ್ಟೆ ತೊಳೆಯಲು ಹೋದಳು.

ಅವಳು ಸಿಟ್ಟು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ತನ್ನ ಕಣ್ಣಿನಿಂದ ತಾನೇ ಕಂಡದ್ದನ್ನು, ಮೂರು ದಿನಗಳ ಹಿಂದೆ ಅಷ್ಟು ಉಮೇದಿನಿಂದ ಎದ್ದು ನಿಂತು ಹೇಳಿದ್ದನ್ನು, ಅವಳು ವಾಪಸು ತೆಗೆದುಕೊಂಡಿದ್ದಳು. ವಿಜ್ಞಾನ ಕಲಿಸುತ್ತೇನೆ ಎಂದು ಬಂದು ನಾನು ಒಂದು ಮಗುವಿಗೆ ಕಲಿಸಿದ್ದು ಇದು: ನಿನ್ನ ಕಣ್ಣನ್ನು ನಂಬಬೇಡ, ಟೀಚರ್ ನಕ್ಕರೆ ಅದು ಸುಳ್ಳು. ಬಾಯಿಮಾತಿನಿಂದ ಇದು ಸರಿಹೋಗುವುದಿಲ್ಲ ಎಂಬುದು ಆಗ ಅರ್ಥವಾಯಿತು. ಅವಳು ಮತ್ತೊಮ್ಮೆ ನೋಡಬೇಕು. ನಕ್ಕವರೂ ನೋಡಬೇಕು. ಏಳನೇ ಪಾಠವನ್ನು ಮುಂದಕ್ಕೆ ಹಾಕಿದೆ: ಪೆಟ್ಟಿಗೆಯಲ್ಲಿ ಒಬ್ಬೊಬ್ಬರೇ ಇಣುಕಿದರೆ ಸಾಲದು, ಅವಳ ಹಾಗೆ ಎಲ್ಲರೂ ಒಳಗೇ ಕೂತು ನೋಡಬೇಕು.

ಮೊದಲು ತರಗತಿಯ ಕೋಣೆಯನ್ನೇ ಕತ್ತಲು ಪೆಟ್ಟಿಗೆ ಮಾಡಲು ಹೊರಟೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಾಸ್ತರೂ ನಾನೂ ಕಿಟಕಿಗಳಿಗೆ ರಟ್ಟು ಬಡಿದೆವು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆವು. ಕಿಟಕಿಯ ರಟ್ಟಿಗೆ ಒಂದು ತೂತು ಮಾಡಿ ಎದುರು ಬಿಳಿ ಹಾಳೆ ಹಿಡಿದರೆ ಏನೂ ಇಲ್ಲ. ಮೇಲೆ ನೋಡಿದರೆ ಹಂಚಿನ ಸಂದುಗಳಿಂದ ನಕ್ಷತ್ರ ಚೆಲ್ಲಿದ ಹಾಗೆ ಬೆಳಕು ಸುರಿಯುತ್ತಿತ್ತು, ಜೊತೆಗೆ ಎರಡು ಗಾಜಿನ ಹಂಚು. ಮಾಸ್ತರು ಏಣಿ ಹತ್ತಿ ಗಾಜಿನ ಹಂಚನ್ನು ಮುಚ್ಚಿದರು. ಉಳಿದ ನೂರಾರು ಸಂದುಗಳನ್ನು ಮುಚ್ಚುವವರು ಯಾರು? ಸಂಜೆಯವರೆಗೆ ಹೆಣಗಿ ರಟ್ಟು ಕಿತ್ತು ಕೆಳಗಿಟ್ಟೆವು.

“ಲಾರಿನೇ ಬೇಕು ಹಂಗಾದ್ರೆ,” ಎಂದರು ಮಾಸ್ತರು, ಕೈ ಕೊಡವುತ್ತ. ತಮಾಷೆಗೆ ಅಂದದ್ದು ಅದು. ನಾನು ಭಾನುವಾರ ಆ ಚಾಲಕರ ಮನೆಗೆ ಹೋದೆ.

ಚಾಲಕರು ಹಿಂದಿನ ದಿನವಷ್ಟೇ ಹುಬ್ಬಳ್ಳಿಯಿಂದ ಬಂದಿದ್ದರು, ಆ ದಿನ ಸಂಜೆ ಮತ್ತೆ ಹೊರಡುವವರಿದ್ದರು. ನನ್ನನ್ನು ಕಂಡೊಡನೆ ಗಾಬರಿಯಾಗಿ ಎದ್ದು ಕುರ್ಚಿ ಹಾಕಿದರು.

“ಬರ್ರಿ ಅಕ್ಕೋರ, ಕುಂದರ್ರಿ. ಹುಡುಗಿ ಶಾಲ್ಯಾಗ ಏನರ ಹೆಚ್ಚುಕಡಿಮಿ ಮಾತಾಡಿದ್ಲೇನ್ರಿ? ಆಕಿಗೆ ಬಾಯಿ ಸ್ವಲ್ಪ ಜಾಸ್ತಿ. ಮನಿಯಾಗೂ ಹಿಂಗ ಏನೇನೋ ಹೇಳತಿರ್ತಾಳ. ನಾ ಬೈದೀನ್ರಿ ಆಕಿಗೆ.”

ನಾನು ಬಂದ ವಿಷಯ ಹೇಳಿದೆ. ಅವರು ನಂಬಲಿಲ್ಲ. ನಂಬದಿದ್ದರೂ ಇಲ್ಲ ಎನ್ನಲು ಅವರಿಗೆ ಮನಸ್ಸಿರಲಿಲ್ಲ. “ಇಪ್ಪತ್ತು ವರ್ಷ ಆತ್ರಿ ನಾ ಗಾಡಿ ಹೊಡಿಯಾಕ್ಹತ್ತಿ. ತಾಡಪತ್ರಿ ಒಳಗ ಹಂಗೆಲ್ಲ ಕಾಣೂದಿದ್ರ ನಂಗ ಗೊತ್ತಿರಬೇಕಿತ್ತಲ್ರಿ?” ಎಂದರು. ಆಮೇಲೆ ಸ್ವಲ್ಪ ಯೋಚಿಸಿ, “ಆದ್ರ ನಾ ಯಾವಾಗ ಹಿಂದ ಕುಂತೀನ್ರಿ? ನಾ ಯಾವಾಗಲೂ ಮುಂದನ,” ಎಂದು ತಾವೇ ನಕ್ಕರು. ಹುಡುಗಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ತೊಡಕು ಬಂದದ್ದು ದಿನದ ವಿಷಯದಲ್ಲಿ. ಲಾರಿ ಖಾಲಿಯಾಗಿ ಊರಿಗೆ ಬರುವುದು ಇನ್ನು ಗುರುವಾರ ಬೆಳಿಗ್ಗೆಯೇ, ಅದೂ ಮಧ್ಯಾಹ್ನ ಲೋಡಿಗೆ ಹೋಗುವವರೆಗೆ ಮಾತ್ರ. ಆಮೇಲೆ ಎರಡು ವಾರ ಮಹಾರಾಷ್ಟ್ರದ ಬಾಡಿಗೆ. ಅಷ್ಟರಲ್ಲಿ ನನ್ನ ಬೋಧನಾಭ್ಯಾಸ ಮುಗಿದಿರುತ್ತದೆ. ಅದೇ ಗುರುವಾರ ಎರಡನೇ ಅವಧಿಗೆ ನನ್ನ ಕೊನೆಯ ಪಾಠ. ಕಾಲೇಜಿನಿಂದ ಮೇಲ್ವಿಚಾರಕ ಮೇಡಂ ಬಂದು ಕೂತು ಅಂಕ ಕೊಡುವ ಪಾಠ. ವಿಷಯ ಬೆಳಕಿನ ಪ್ರತಿಫಲನ, ಯೋಜನೆ ಆಗಲೇ ಸಹಿಯಾಗಿ ಬಂದಿತ್ತು. ಅದಕ್ಕಾಗಿ ಕನ್ನಡಿ, ಕೋನಮಾಪಕ, ಮೂರು ಚಾರ್ಟು ಎಲ್ಲ ತಯಾರಾಗಿ ಕೋಣೆಯ ಮೂಲೆಯಲ್ಲಿ ಸುರುಳಿ ಸುತ್ತಿ ನಿಂತಿದ್ದವು.

ಸೋಮವಾರ ಮೇಡಂಗೆ ಫೋನ್ ಮಾಡಿದೆ. “ಸಹಿ ಆದ ಪಾಠ ಬದಲಾಯಿಸೋ ಪದ್ಧತಿ ಇಲ್ಲ,” ಎಂದರು ಅವರು. “ನಿನ್ನ ಪ್ರತಿಫಲನದ ಪಾಠ ಚೆನ್ನಾಗಿದೆ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ತೀಯ? ಬದಲಾಯಿಸಿದ್ರೆ ಆ ಅಂಕಕ್ಕೆ ನೀನೇ ಜವಾಬ್ದಾರಿ.” ಕಾಲೇಜಿನಲ್ಲಿ ಮಾದರಿ ಎಂದು ತೋರಿಸುತ್ತಿದ್ದ ಪುಸ್ತಕವನ್ನು ಮುಂದಿಟ್ಟುಕೊಂಡು ತುಂಬ ಹೊತ್ತು ಕೂತೆ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಅಂಕ ನನಗೆ ಬೇಕಿತ್ತು. ಕೊನೆಗೆ ಹೊಸ ಪುಟ ತಿರುಗಿಸಿ ಗೆರೆ ಹೊಡೆದೆ. ಎಡಗಡೆ ಮಾಡಬೇಕಾದದ್ದನ್ನೆಲ್ಲ ಬರೆದೆ. ಬಲಗಡೆ ಪೆನ್ನು ಇಟ್ಟರೆ ಏನೂ ಹೊಳೆಯಲಿಲ್ಲ. ಕತ್ತಲಲ್ಲಿ ಕೂತ ಇಪ್ಪತ್ತೊಂಬತ್ತು ಮಕ್ಕಳು ಏನು ಹೇಳುತ್ತಾರೆಂದು ನನಗೇನು ಗೊತ್ತು? ಆ ಕಾಲಂ ಖಾಲಿ ಬಿಟ್ಟೆ.

ಮಾಸ್ತರು ಪುಟ ನೋಡಿ, ಕನ್ನಡಕ ಸರಿಮಾಡಿಕೊಂಡು, ಖಾಲಿ ಜಾಗದ ಮೇಲೆ ಬೆರಳಾಡಿಸಿದರು. “ಅಡ್ಡಿಲ್ಲ,” ಎಂದರು. ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ತಾವೇ ತಂದರು. ಲಾರಿ ಶಾಲೆಯ ಮೈದಾನದೊಳಗೇ ನಿಲ್ಲಬೇಕು, ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನ ಮೇಲಿರಬೇಕು, ಗಾಳಿಯಾಡಲು ನಡುನಡುವೆ ತಾಡಪತ್ರಿ ಎತ್ತಬೇಕು. ಇವು ಅವರು ಹಾಕಿದ ಷರತ್ತುಗಳು.

ಗುರುವಾರ ಲಾರಿ ಬಂದಾಗ ಪ್ರಾರ್ಥನೆ ಮುಗಿದಿತ್ತು. ಹಿಂಬದಿಯನ್ನು ಹೆದ್ದಾರಿಯ ಕಡೆ ಮಾಡಿ ನಿಲ್ಲಿಸಿಕೊಂಡೆವು. ಬೆಳಗಿನ ಸೂರ್ಯ ಶಾಲೆಯ ಬೆನ್ನಿಗಿರುವುದರಿಂದ ಎದುರಿನ ರಸ್ತೆಗೂ ಆಚೆಯ ಮರಗಳಿಗೂ ಪೂರ್ತಿ ಬಿಸಿಲಿತ್ತು. ಲಾರಿಯ ಅಡ್ಡಸರಳುಗಳ ಮೇಲೆ ಒಂದರ ಮೇಲೊಂದು ಎರಡು ತಾಡಪತ್ರಿ ಹೊದಿಸಿ ಹಗ್ಗ ಬಿಗಿದೆವು. ಹಲಗೆಗಳ ಸಂದಿಗೆ ಗೋಣಿಚೀಲ ತುರುಕಿದೆವು. ಚಾಲಕನ ಕೋಣೆಯ ಕಡೆಯ ಹಲಗೆಗೆ ಬಿಳಿ ಚಾದರ ಕಟ್ಟಿದೆವು. ಹಿಂಬದಿಯ ತಾಡಪತ್ರಿಗೆ, ಕೂತ ಮಕ್ಕಳ ತಲೆಗಿಂತ ಮೇಲೆ, ಒಂದು ತೂತು ಬೇಕಿತ್ತು. ಪಠ್ಯಪುಸ್ತಕದಲ್ಲಿ ಸೂಜಿರಂಧ್ರ ಎಂದಿದೆ. ನಾನು ದಬ್ಬಣ ತೆಗೆದು ಚುಚ್ಚಿದೆ.

ಮಕ್ಕಳು ಕೇಕೆ ಹಾಕುತ್ತ ಹತ್ತಿದರು. ಮೇಡಂ ಅವರಿಗೆ ಒಂದು ಸ್ಟೂಲು ಹಾಕಿಕೊಟ್ಟೆ, ಸೀರೆ ಎತ್ತಿ ಹಿಡಿದು ಹತ್ತಿ ಕೂತು ಪೆನ್ನು ತೆಗೆದರು. ಮಾಸ್ತರು ಹಿಂದಿನ ಮೂಲೆಯಲ್ಲಿ. ಚಾಲಕರ ಮಗಳು ಎಲ್ಲರಿಗಿಂತ ಕೊನೆಗೆ ಹತ್ತಿ, ಪಕ್ಕದ ಹಲಗೆಗೆ ಒರಗಿ ಕೂತಳು. ಚಾಲಕರು ಹೊರಗಿನಿಂದ ತಾಡಪತ್ರಿ ಇಳಿಸಿದರು. ಕತ್ತಲಾಯಿತು.

ಚಾದರದ ಮೇಲೆ ಏನೂ ಇರಲಿಲ್ಲ.

ಒಂದು ನಿಮಿಷವಾಯಿತು. ಯಾರೋ ಕಿಸಕ್ಕೆಂದರು. ಯಾರೋ ‘ಉಲ್ಟಾ ಗಾಡಿ’ ಎಂದು ಪಿಸುಗುಟ್ಟಿದ್ದು ಕೇಳಿಸಿತು. ಹೆದ್ದಾರಿಯಲ್ಲಿ ಒಂದು ಭಾರೀ ಲಾರಿ ಹೋದ ಸದ್ದು ಬಂತು. ಚಾದರದ ಮೇಲೆ ಅದೇ ಕಪ್ಪು. ಮೇಡಂ ಕೆಮ್ಮಿದರು. ಒಮ್ಮೆ ಸುಳ್ಳಿ ಎನಿಸಿಕೊಂಡ ಹುಡುಗಿಯನ್ನು ಎಲ್ಲರೆದುರು ಮತ್ತೊಮ್ಮೆ ಸುಳ್ಳಿ ಮಾಡಲು ನಾನೇ ಇಷ್ಟೆಲ್ಲ ಏರ್ಪಾಟು ಮಾಡಿದೆನೇ ಎನಿಸಿತು. ತಾಡಪತ್ರಿ ಎತ್ತಿಸಿಬಿಡೋಣ, ಕನ್ನಡಿ ಚಾರ್ಟು ತಂದು ಪ್ರತಿಫಲನವನ್ನೇ ಮಾಡೋಣ ಎಂದು ಬಾಯಿ ತೆರೆದಿದ್ದೆ.

“ತೂತ ಭಾಳ ಸಣ್ಣದಾತ್ರಿ.”

ಕತ್ತಲಲ್ಲಿ ಬಂದ ದನಿ. ಅವಳದೇ.

“ಅವತ್ತ ಹರದಿದ್ದು ಇಷ್ಟ ಸಣ್ಣ ಇದ್ದಿದ್ದಿಲ್ರಿ ಅಕ್ಕೋರೇ. ನನ್ನ ಹೆಬ್ಬೆಟ್ಟ ಹೋಗ್ತಿತ್ತು. ನಾ ಹಾಕಿ ನೋಡಿದ್ದೆ. ಹೆಬ್ಬೆಟ್ಟ ಇಟ್ರ ಗಿಡ ಎಲ್ಲ ಹೋಗಿಬಿಡ್ತಿದ್ವು. ತೆಗದ್ರ ಮತ್ತ ಬರ್ತಿದ್ವು.”

ನೆನಪಿಲ್ಲ ಎಂದಿದ್ದವಳು! ಅಷ್ಟೇ ಅಲ್ಲ, ಆ ಪುಟ್ಟ ಹುಡುಗಿ ಅವತ್ತೇ, ಮದುವೆಯ ಗದ್ದಲದಲ್ಲಿ, ಯಾರೂ ಹೇಳಿಕೊಡದೆ, ತೂತು ಮುಚ್ಚಿ ತೆಗೆದು ಪರೀಕ್ಷೆ ಮಾಡಿದ್ದಳು. ಕಾರಣ ಯಾವುದೆಂದು ತಾನೇ ಹುಡುಕಿಕೊಂಡಿದ್ದಳು. ನಾನು ಎರಡು ವರ್ಷ ಬಿ.ಎಡ್.ನಲ್ಲಿ ‘ಪ್ರಾಯೋಗಿಕ ವಿಧಾನ’ ಎಂದು ಪುಟಗಟ್ಟಲೆ ಬರೆದದ್ದು ಇದನ್ನೇ ಅಲ್ಲವೇ!

ಹೊರಗಿದ್ದ ಚಾಲಕರಿಗೆ ಕೂಗಿ ಹೇಳಿದೆ. ಅವರು ಚಾಕು ತಂದು ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕೊರೆದರು. ತೂತು ಬೆಳ್ಳಗೆ ಹೊಳೆಯಿತು. ಆದರೂ ಚಾದರ ಖಾಲಿಯೇ ಕಂಡಿತು. ಮಕ್ಕಳು ಮಿಸುಕಾಡಿದರು.

“ತಡೀರಿ,” ಎಂದಳು ಹುಡುಗಿ. ಈಗ ದನಿ ಗಟ್ಟಿಯಾಗಿತ್ತು. “ಬರೂದು ತಡಾ ಆಗತೈತಿ. ಕಣ್ಣಿಗೆ ಕತ್ತಲ ರೂಢಿ ಆಗಬೇಕು. ತೂತ ನೋಡಬ್ಯಾಡ್ರಿ ಯಾರೂ. ಚಾದರ ನೋಡ್ರಿ. ಸುಮ್ಮ ಕುಂದರ್ರಿ.”

ನಾನು ಪಾಠದ ನಡುವೆ ಹತ್ತು ಸಲ ಹೇಳಿದರೂ ಸುಮ್ಮನಾಗದ ತರಗತಿ ಅವಳ ಒಂದು ಮಾತಿಗೆ ಸುಮ್ಮನಾಯಿತು. ನಾನೂ ಮಕ್ಕಳ ಸಾಲಿನಲ್ಲಿ ಕೂತೆ. ಕಾದೆವು. ಎಷ್ಟು ಹೊತ್ತು ಕಾದೆವೋ ತಿಳಿಯದು. ಮೊದಲು ಚಾದರದ ಕೆಳಭಾಗ ತೆಳ್ಳಗೆ ಬೆಳ್ಳಗಾಯಿತು. ಅದು ಆಕಾಶ. ಅದರ ಮೇಲೆ ಗಿಡ್ಡ ಗಿಡ್ಡ ಕಪ್ಪು ಮೂಡಿತು, ನೋಡುತ್ತಿದ್ದ ಹಾಗೆ ಆ ಕಪ್ಪಿಗೆ ಹಸಿರು ಬಂತು, ಎಲೆ ಬಂತು, ಎಲೆ ಅಲ್ಲಾಡಿತು. ಮರಗಳು ತುದಿಯನ್ನು ಕೆಳಕ್ಕೆ ಬಿಟ್ಟು ಜೋತು ಬಿದ್ದಿದ್ದವು. ಎಲ್ಲಕ್ಕಿಂತ ಮೇಲೆ, ಅಟ್ಟದ ತೊಲೆಯಂತೆ, ಹೆದ್ದಾರಿ.

“ಅಯ್ಯ ಯವ್ವಾ,” ಎಂದರು ಯಾರೋ.

ಅಷ್ಟರಲ್ಲಿ ಒಂದು ಕೆಂಪು ಬಸ್ಸು ಬಂತು. ಚಕ್ರ ಮೇಲೆ ಮಾಡಿಕೊಂಡು, ಚಾದರದ ಮೇಲೆ, ಬಣ್ಣ ಸಮೇತ. ಸದ್ದು ನಮ್ಮ ಬಲಗಿವಿಯಿಂದ ಎಡಗಿವಿಗೆ ಹೋಯಿತು, ಬಸ್ಸು ಮಾತ್ರ ಎಡದಿಂದ ಬಲಕ್ಕೆ ಹೋಯಿತು. ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದದ್ದು ಕೇಳಿಸಿತು. ಹಿಂದೆಯೇ ಸೈಕಲ್ ತುಳಿಯುತ್ತ ಒಬ್ಬ ಮನುಷ್ಯ, ತಲೆಕೆಳಗಾಗಿ, ಬೆರಳಷ್ಟುದ್ದ, ನಿರಾತಂಕವಾಗಿ ಹೋದ. ಪಾಠಗಳಲ್ಲಿ ಬಿಂಬ ಎಂದರೆ ನನಗೆ ಯಾವಾಗಲೂ ಗೆರೆ ಮತ್ತು ಬಾಣ. ಜಗತ್ತು ಇಡಿಯಾಗಿ, ಗಾಳಿ ಬಿಸಿಲು ಬಸ್ಸು ಎಲ್ಲ ಸಮೇತ, ಒಂದು ನಾಣ್ಯದಗಲ ತೂತಿನಲ್ಲಿ ನುಸುಳಿ ಬಂದು ಎದುರಿಗೆ ನಿಲ್ಲುತ್ತದೆಂದು ನಾನು ಓದಿದ್ದೆ, ಅಷ್ಟೇ. ನೋಡಿರಲಿಲ್ಲ. ಹೆದ್ದಾರಿಯಲ್ಲಿ ಓಡುವ ಇಷ್ಟೊಂದು ಲಾರಿಗಳಲ್ಲಿ ದಿನಾ ಹೀಗೆ ಕಾಡು ಘಟ್ಟವೆಲ್ಲ ಯಾರೂ ನೋಡದೆಯೇ ಮೂಡಿ ಅಳಿಸಿಹೋಗುತ್ತಿರುತ್ತದಲ್ಲ ಎಂದು ಹೊಳೆದಾಗ ಕೈ ಮುಗಿಯಬೇಕೆನಿಸಿತು.

“ಅಕ್ಕೋರ, ಕಂಡಿತೇನ್ರಿ?” ಹೊರಗಿನಿಂದ ಚಾಲಕರು ಕೇಳಿದರು.

“ನೀವೇ ಬಂದು ನೋಡಿ.”

ಅವರು ತಾಡಪತ್ರಿಯ ಅಂಚಿನಿಂದ ನುಸುಳಿ ಬಂದು ಮಗಳ ಪಕ್ಕ ಕೂತರು. ಒಂದಷ್ಟು ಹೊತ್ತು ಅವರಿಗೂ ಏನೂ ಕಾಣಲಿಲ್ಲ. ಹುಡುಗಿ “ತಡಿ ಅಬ್ಬಾ, ತಡಿ,” ಎನ್ನುತ್ತಿದ್ದಳು. ಆಮೇಲೆ ಅವರು ಚಾದರದ ಕಡೆ ಬಾಗಿದರು. “ಯಾ ಅಲ್ಲಾ,” ಎಂದರು ಮೆಲ್ಲಗೆ. ತುಸು ಬಿಟ್ಟು, “ಇಪ್ಪತ್ತು ವರ್ಷ. ನನ್ನ ಬೆನ್ನ ಹಿಂದ ಇತ್ತಲ್ಲ ಬೇಟಾ. ನಿಂಗ ಸುಳ್ಳ ಹೇಳಬ್ಯಾಡ ಅಂದೆ ನಾ.”

ಅದು ನಾನು ಹೇಳಬೇಕಾದ ಮಾತೂ ಆಗಿತ್ತು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಇವಳು ಅವತ್ತು ಹೇಳಿದ್ದು ಇದನ್ನೇ. ನಾನು ನಕ್ಕೆ, ತಪ್ಪು ಉತ್ತರ ಕೊಟ್ಟೆ. ನಾನು ನಕ್ಕಿದ್ದಕ್ಕೆ ನೀವೂ ನಕ್ಕಿರಿ. ತಪ್ಪು ನಂದು.” ಕತ್ತಲಲ್ಲಿ ಮೇಡಂ ಪೆನ್ನಿನ ಸದ್ದು ಕೇಳಿಸುತ್ತಿತ್ತು. ಈ ಕತ್ತಲಲ್ಲಿ ಏನು ಬರೆಯುತ್ತಿದ್ದರೋ. ಆಮೇಲೆ ಗೊತ್ತಾಯಿತು, ‘ಸಹಿಯಾದ ಯೋಜನೆಯಂತೆ ಪಾಠ ನಡೆದಿಲ್ಲ’ ಎಂದು ಬರೆದು, ಅಂಕವನ್ನೂ ಅದಕ್ಕೆ ತಕ್ಕಂತೆ ಕಡಿಮೆ ಕೊಟ್ಟಿದ್ದರು. ಅವರು ಬರೆದದ್ದು ಸರಿಯಾಗಿಯೇ ಇತ್ತು.

ಹುಡುಗಿಯ ಗಮನ ಚಾದರದ ಮೇಲಿತ್ತು. ತಾಡಪತ್ರಿಯ ತೂತಿನ ಕಡೆ ತಿರುಗಿ ನೋಡಿದಳು, ಮತ್ತೆ ಚಾದರದ ಕಡೆ ನೋಡಿದಳು. ಯೋಚಿಸುತ್ತಿದ್ದಳು.

“ಅಕ್ಕೋರೇ, ಒಂದು ಕೇಳ್ಲಾ?”

“ಕೇಳು.”

“ಕಣ್ಣಾಗೂ ನಡುವ ಒಂದು ಕರೀ ತೂತ ಐತಲ್ರಿ. ಒಳಗ ಕತ್ತಲನ ಇರಬೇಕು. ಹಂಗಾದ್ರ ನಮ್ಮ ಕಣ್ಣಾಗೂ ಎಲ್ಲಾ ಉಲ್ಟಾನ ಬೀಳಬೇಕಲ್ರಿ?”

ಕಣ್ಣಿನ ಪಾಠ ಇನ್ನೂ ನಾವು ಮುಟ್ಟಿರಲಿಲ್ಲ. ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ. ಮೇಡಂ ಪೆನ್ನಿನ ಸದ್ದು ನಿಂತಿತು.

“ಹೌದು,” ಎಂದೆ. “ಉಲ್ಟಾನೇ ಬೀಳ್ತದೆ.”

“ಮತ್ತ ನೆಟ್ಟಗ ಕಾಣತೈತಲ್ರಿ ನಮಗ. ಅದನ್ನ ಒಳಗ ಕುಂತು ನೆಟ್ಟಗ ಮಾಡೂದು ಯಾರ್ರಿ?”

ಈ ಪ್ರಶ್ನೆಗೆ ಒಂದು ಅಂಕದ ಉತ್ತರ ನನಗೆ ಬರುತ್ತದೆ. ಪರೀಕ್ಷೆಗಳಲ್ಲಿ ಎಷ್ಟೋ ಸಲ ಒಂದೇ ಪದದಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ‘ಮೆದುಳು’ ಎಂಬ ಆ ಪದ ನಾಲಿಗೆಯ ತುದಿಯವರೆಗೆ ಬಂತು. ಆದರೆ ಅದು ಹೇಗೆ ಮಾಡುತ್ತದೆಂದು ಅವಳು ಮುಂದೆ ಕೇಳಿದರೆ ನನ್ನ ಬಳಿ ಏನಿದೆ? ಇಷ್ಟು ವರ್ಷ ಅದನ್ನು ಬರೆದ ನಾನು ಒಂದು ದಿನವೂ ಹೀಗೆ ಬೆರಗಾಗಿ ಕೇಳಿರಲಿಲ್ಲ.

“ನಂಗೂ ಸರಿಯಾಗಿ ಗೊತ್ತಿಲ್ಲ,” ಎಂದೆ. “ನಿಂಗೆ ಏನನ್ನಿಸ್ತದೆ?”

ಅವಳು ಉತ್ತರ ಕೊಡಲು ಅವಸರ ಮಾಡಲಿಲ್ಲ. ಚಾದರದ ಮೇಲೆ ಮರಗಳು ತಲೆಕೆಳಗಾಗಿ ತೂಗುತ್ತಿದ್ದವು. ಶಾಲೆಯ ಗಂಟೆ ಹೊಡೆಯಿತು. ಅವಳು ಏನು ಹೇಳುತ್ತಾಳೆ ಎಂದು ಕೇಳಲು ಇಪ್ಪತ್ತೆಂಟು ಮಕ್ಕಳು, ಅವಳಪ್ಪ, ಮಾಸ್ತರು, ಮೇಡಂ, ನಾನು, ಎಲ್ಲರೂ ಲಾರಿಯಲ್ಲೇ ಕೂತಿದ್ದೆವು.